ಕಣಜ ಗಟ್ಟಿಯದು

ಶಾಲೆಯಿಂದ ಬಂದ ಜಿಬೆಕ್ ಚೀಲವನ್ನು ಒಲೆಯ ಪಕ್ಕದ ಬೆಂಚಿಗೆ ಒಗೆದು, ಬೂಟನ್ನೂ ಸರಿಯಾಗಿ ಕಳಚದೆ ಒಳಕೋಣೆಗೆ ಹೋದಳು. ತಾಯಿ ಬುರುಲ್ ಒಲೆಯ ಮುಂದೆ ಅಗಲವಾದ ತಟ್ಟೆಯಲ್ಲಿ ಅಕ್ಕಿ ಹರವಿಕೊಂಡು ಆರಿಸುತ್ತಿದ್ದಳು. ಹನ್ನೊಂದು ವರ್ಷದ ಮಗಳು ಬಂದ ತಕ್ಷಣ ತಿನ್ನಲು ಏನಿದೆ ಎಂದು ಕೇಳಲಿಲ್ಲವೆಂದರೆ ಶಾಲೆಯಲ್ಲಿ ಏನೋ ಆಗಿದೆ.

"ಏನಾಯ್ತೇ?"

"ಏನಿಲ್ಲ."

"ಏನಿಲ್ದೆ ಚೀಲ ಹಾರಿ ಬಂತಾ?"

ಬುರುಲ್ ಎದ್ದು ಕೈ ಒರೆಸಿಕೊಂಡು ಚೀಲ ತೆರೆದಳು. ಮೇಲೆಯೇ ಸುರುಳಿ ಸುತ್ತಿದ ದಪ್ಪ ಕಾಗದ. ಏಳು ತಂದೆಯರ ಪಟ. ಎರಡು ವಾರ ಕೂತು ಮಾಡಿದ್ದು. ಬೇರಿನಿಂದ ತುದಿಯವರೆಗೆ ಒಂದು ಮರ, ಏಳು ಕೊಂಬೆ, ಅಪ್ಪನಿಂದ ಹಿಂದಕ್ಕೆ ಒಂದೊಂದರಲ್ಲಿ ಒಬ್ಬೊಬ್ಬ ಹಿರಿಯನ ಹೆಸರು. ಕೆಚೂ ಊರಿನಲ್ಲಿ ಏಳು ತಂದೆಯರ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಲಾಗದ ಮಗುವನ್ನು ದಿಕ್ಕಿಲ್ಲದ್ದು ಎನ್ನುತ್ತಾರೆ. ಜಿಬೆಕ್ ನಾಲ್ಕು ವರ್ಷಕ್ಕೇ ಹೇಳುತ್ತಿದ್ದಳು.

ಮೂರನೆಯ ಕೊಂಬೆಯ ಹೆಸರಿನ ಮೇಲೆ ಈಗ ಕಪ್ಪು ಶಾಯಿ ಬಳಿದಿತ್ತು. ಹೆಸರಿನ ಪಕ್ಕದಲ್ಲಿ ಒಂದು ಚಿತ್ರ. ನರಿಯ ತುಪ್ಪಳದ ಟೋಪಿ, ಗಿರಿಜಾ ಮೀಸೆ, ಕೈಯಲ್ಲಿ ಚಾವಟಿ, ಕೊಬ್ಬಿದ ಕೆನ್ನೆ.

"ಇದ್ಯಾರೇ?"

ಜಿಬೆಕ್ ಬಾಗಿಲಲ್ಲಿ ಬಂದು ನಿಂತಳು. ಕಣ್ಣು ಕೆಂಪಾಗಿತ್ತು. "ದೊಡ್ಡಜ್ಜ. ಫೋನಲ್ಲಿ ಹೆಸರು ಹಾಕಿ ಹುಡುಕ್ದೆ. ಇದೇ ಬಂತು."

ಆ ಮನೆಯಲ್ಲಿ ದೊಡ್ಡಜ್ಜನ ಭಾವಚಿತ್ರ ಇರಲಿಲ್ಲ, ಎಂದೂ ಇದ್ದದ್ದಿಲ್ಲ. ಮಗಳು ಹುಡುಕಿ ಅಂಟಿಸಿದ್ದು ಅವನ ಪಾತ್ರ ಮಾಡಿದ ಸಿನಿಮಾ ನಟನ ಮುಖ. ಐವತ್ತೆಂಟು ವರ್ಷದ ಹಿಂದೆ ರಾಜಧಾನಿಯಿಂದ ಬಂದು ಎರಡು ತಿಂಗಳು ಕೆಚೂ ಊರಿನಲ್ಲಿದ್ದು, ಕುರಿಮಾಂಸ ತಿಂದು, ಕುದುರೆಯಿಂದ ಒಮ್ಮೆ ಬಿದ್ದು ಹೋದ ಯಾರೋ ಒಬ್ಬನದು.

"ಯಾರು ಏನಂದ್ರು?"

"ನಾನು ಹೇಳ್ತಾ ಇದ್ದೆ. ಸಮತ್, ಓಸ್ಮೋನ್, ತಾಷ್ತಾನ್. ಅಷ್ಟರಲ್ಲಿ ಹಿಂದಿನ ಬೆಂಚಿಂದ, ಬೆಂಕಿಪೊಟ್ಣ ತಂದಿದೀಯಾ ಅಂದ್ರು. ಎಲ್ಲಾ ನಕ್ರು. ಕದಿರ್ ಮಾಸ್ತರು ಸುಮ್ನಿರಿ ಅಂದ್ರು. ಅವ್ರೂ ನಗ್ತಾ ಇದ್ರು. ಆಮೇಲೆ ಊರವ್ರು ನಿಲ್ಲಿಸೋ ಹೊಸ ಕಲ್ಲಿನ ಮೇಲೆ ಬರೆಯೋದನ್ನ ಓದಿದ್ರು."

"ಏನಂತ?"

ಜಿಬೆಕ್ ಬಾಯಿಪಾಠ ಒಪ್ಪಿಸುವಂತೆ ಹೇಳಿದಳು. "ಸಾವಿರದ ಒಂಬೈನೂರ ಮೂವತ್ತೆರಡರ ಚಳಿಗಾಲ, ಸಾಹುಕಾರ ತಾಷ್ತಾನ್ ಊರ ಕಣಜಕ್ಕೆ ಬೆಂಕಿಯಿಟ್ಟಿದ್ದರಿಂದ ಹಸಿವಿನಲ್ಲಿ ತೀರಿಕೊಂಡ ಎಂಬತ್ತೇಳು ಜನರ ನೆನಪಿಗೆ." ಆಮೇಲೆ ತಗ್ಗಿದ ದನಿಯಲ್ಲಿ, "ನಾನು ಮತ್ತೆ ಮೊದಲಿಂದ ಹೇಳ್ದೆ ಅಮ್ಮ. ಆರೇ ಹೇಳ್ದೆ."

ಬುರುಲ್ ಮಗಳನ್ನು ಹತ್ತಿರ ಕೂರಿಸಿಕೊಂಡಳು. ಬೆರಳನ್ನು ನೀರಿನಲ್ಲಿ ಅದ್ದಿ ಚಿತ್ರದ ಅಂಚನ್ನು ನೆನೆಸುತ್ತಾ, ಕಾಗದ ಹರಿಯದಂತೆ ಮೆಲ್ಲಗೆ ಬಿಡಿಸಿದಳು. ತಾಳ್ಮೆಯ ಕೆಲಸ. ಅವಳ ಕೈ ತಾಳ್ಮೆಯಿಂದಲೇ ಇತ್ತು.

ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು, ಏಕೆಂದರೆ ಆ ಹೆಸರನ್ನು ಅವಳು ಹೇಳುವಂತಿರಲಿಲ್ಲ. ಮಗಳು ಹೇಳಬಹುದು, ಅವಳು ಆ ಮನೆಯ ರಕ್ತ. ಸೊಸೆ ಗಂಡನ ಕಡೆಯ ಹಿರಿಯರ ಹೆಸರನ್ನು ಬಾಯಿಗೆ ತರುವಂತಿಲ್ಲ. ಹೆಸರಿನೊಳಗೆ ಇರುವ ಮಾತನ್ನೂ ಆಡುವಂತಿಲ್ಲ. ತಾಷ್ ಎಂದರೆ ಕಲ್ಲು. ಆದ್ದರಿಂದ ಈ ಮನೆಗೆ ಬಂದ ಹೆಣ್ಣುಗಳು ಕಲ್ಲು ಎನ್ನುವುದಿಲ್ಲ, ಗಟ್ಟಿ ಎನ್ನುತ್ತಾರೆ. ಹೊಳೆಯ ಗಟ್ಟಿ, ಅಕ್ಕಿಯ ಗಟ್ಟಿ, ಬೀಸುವ ಗಟ್ಟಿ. ಬೇರೆ ಮನೆಗಳಲ್ಲಿ ಈಗಿನ ಸೊಸೆಯರು ಇದನ್ನೆಲ್ಲ ಬಿಟ್ಟಿದ್ದರು. ಇಲ್ಲಿ ಅತ್ತೆ ಜೂರಕಾನ್ ಅರವತ್ತು ವರ್ಷದಿಂದ ಪಾಲಿಸಿದ್ದಳು. ಸಮಾಧಿಯೂ ಇಲ್ಲದ ಮನುಷ್ಯನಿಗೆ ಕೊಡಬಹುದಾದ ಮರ್ಯಾದೆ ಅದೊಂದೇ ಎಂದು ಬುರುಲ್ ಕೂಡ ಇಪ್ಪತ್ತು ವರ್ಷ ಪಾಲಿಸಿದ್ದಳು.

ಸಿನಿಮಾದವರು ಆ ಹೆಸರನ್ನು ಎರಡು ಗಂಟೆಯಲ್ಲಿ ನಲವತ್ತು ಸಲ ಕೂಗುತ್ತಾರೆ.

ಕಿಟಕಿಯ ಬಳಿ ಕಂಬಳಿಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದ ಜೂರಕಾನ್ ತಲೆಯೆತ್ತಿದಳು. ಎಂಬತ್ತು ವರ್ಷ, ಒಂದು ಕಿವಿ ಪೂರ್ತಿ ಕೇಳುವುದಿಲ್ಲ, ಇನ್ನೊಂದು ಅವಳಿಗೆ ಬೇಕಾದಾಗ ಕೇಳುತ್ತದೆ.

"ಕೂಸು ಯಾಕೆ ಅಳ್ತದೆ?"

ಬುರುಲ್ ಕಿವಿಯ ಹತ್ತಿರ ಬಾಗಿ ಹೇಳಿದಳು. ಮುದುಕಿಯ ಕೈಯಲ್ಲಿ ನೂಲುವ ಕದಿರು ನಿಂತಿತು.

"ಕಣಜ ಗಟ್ಟಿದು ಅಂತ ಹೇಳ್ಲಿಲ್ವಾ ಅವ್ರಿಗೆ?"

ಈ ಮಾತನ್ನು ಬುರುಲ್ ನೂರು ಸಲ ಕೇಳಿದ್ದಳು. ಬೆಂಕಿಯ ವಿಷಯ ಬಂದಾಗಲೆಲ್ಲ ಅತ್ತೆ ಇದನ್ನೇ ಹೇಳುವಳು. ಊರವರು ಹೌದಜ್ಜಿ, ಗಟ್ಟಿಮುಟ್ಟಾಗೇ ಇತ್ತು, ಗಟ್ಟಿ ಮರವೂ ಉರೀತದೆ ಎಂದು ನಗುವರು. ಬುರುಲ್ ಕೂಡ ಅದನ್ನು ಮುದುಕಿಯ ಹಟ ಎಂದುಕೊಂಡಿದ್ದಳು. ಈಗ ಮತ್ತೆ ಅಕ್ಕಿಯ ಮುಂದೆ ಕೂತಾಗ ಅವಳ ಬೆರಳಿಗೆ ತಟ್ಟೆಯಲ್ಲಿ ಏನೋ ಸಿಕ್ಕಿತು. ಅಕ್ಕಿಯಲ್ಲಿ ಒಂದು ಹರಳು. ಅದನ್ನು ಎತ್ತಿ ಹಿಡಿದು ನೋಡಿದಳು.

"ಅವ್ವಾ," ಎಂದು ಹರಳನ್ನು ಅತ್ತೆಯ ಅಂಗೈಯಲ್ಲಿಟ್ಟಳು. "ಕಣಜ ಈ ಗಟ್ಟಿದಾ?"

"ಮತ್ತಿನ್ಯಾವ ಗಟ್ಟಿ?" ಜೂರಕಾನ್ ಸಿಡುಕಿದಳು. "ನಾನು ಇಷ್ಟು ವರ್ಷ ಏನು ಹೇಳ್ತಾ ಇದೀನಿ ಮತ್ತೆ?"

ಆಮೇಲೆ ಅವಳು ತನ್ನ ಅತ್ತೆಯಿಂದ, ಆ ದೊಡ್ಡಜ್ಜನ ಹೆಂಡತಿಯಿಂದ, ಕೇಳಿದ್ದನ್ನು ಹೇಳಿದಳು. ಮಾವಯ್ಯ ಸಾಹುಕಾರನಲ್ಲ. ನಾಲ್ಕು ಕುರಿ, ಒಂದು ಹೆಣ್ಣು ಕತ್ತೆ. ಸಾಮೂಹಿಕ ಬೇಸಾಯ ಶುರುವಾದಾಗ ಎಣಿಕೆ ಬರುತ್ತದೆಂದು ಕಣಜದ ಬೀಗದ ಕೈಯನ್ನು ಅವನಿಗೆ ಕೊಟ್ಟಿದ್ದರು. ಆ ಶರತ್ಕಾಲ ಮೇಲಿನವರ ಅಪ್ಪಣೆಯೆಂದು ಬಂಡಿಗಳು ಬಂದವು. ಗೋಧಿಯೆಲ್ಲ ಹೋಯಿತು. ಬಿತ್ತನೆಗೆಂದು ಒಂದು ಮೂಲೆಯಷ್ಟು ಉಳಿಯಿತು. ಹಿಮ ಬಿದ್ದ ಮೇಲೆ ಮಕ್ಕಳು ಸಾಯತೊಡಗಿದರು. ಒಂದು ಬೆಳಗ್ಗೆ ಮಾವಯ್ಯ ಬಾಗಿಲು ತೆರೆದು, ತಲೆಯ ಮೇಲಿನ ಬಿಳಿ ಕಲ್ಪಾಕ್ ಟೋಪಿ ತೆಗೆದು, ಅದರಲ್ಲೇ ಅಳೆದು ಮನೆಗೊಂದು ಟೋಪಿ ಗೋಧಿ ಕೊಟ್ಟ. ಅದೂ ಮುಗಿಯಿತು. ಒಂಬತ್ತನೇ ದಿನ ಮೇಲಿನವರ ಜನ ಬಂದು ಅವನನ್ನು ಕರೆದುಕೊಂಡು ಹೋದರು, ಅವನು ಮರಳಲಿಲ್ಲ. ಟೋಪಿ ಮನೆಯಲ್ಲೇ ಉಳಿಯಿತು.

"ಮೂವತ್ತು ವರ್ಷದ ಮೇಲೆ ಆ ಸಿನಿಮಾ ಬಂತು," ಎಂದಳು. "ಚಿತ್ರ ತೆಗೆಯುವಾಗ ಕಥೆ ಏನು ಅಂತ ನಮಗೆ ಯಾರು ಹೇಳಿದ್ರು? ಓಡು ಅಂದ್ರು, ಓಡ್ದೆ. ಕೊಡ ಹಿಡಿದು ಅಳು ಅಂದ್ರು, ಅತ್ತೆ. ಮಾರನೇ ವರ್ಷ ಲಾಯದ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ತೋರಿಸಿದಾಗ ಹೆಸರು ಕೇಳಿಸ್ತು. ನಮ್ಮತ್ತೆ ಎದ್ದು ಹೋದ್ಳು. ಗಂಡನ ಹೆಸರು ಅವಳೂ ಹೇಳೋ ಹಾಗಿಲ್ಲವಲ್ಲ. ನಾನು ಎದ್ದು ನಿಂತು ಕಣಜ ಗಟ್ಟಿದು, ಗಟ್ಟಿದು ಅಂತ ಕೂಗ್ದೆ. ಎಲ್ರೂ ನಕ್ರು. ಪರದೆಗೆ ಅಡ್ಡ ಬರಬೇಡ ಕೂತ್ಕೋ ತಂಗಿ ಅಂದ್ರು."

ಅವಳು ಮತ್ತೆ ಕದಿರು ತಿರುಗಿಸಿದಳು. ನೂಲು ತುಂಡಾಯಿತು.

*

ಸಂಜೆ ಸಮತ್ ಬಂದಾಗ ಬುರುಲ್ ಊಟ ಬಡಿಸಿ ಎದುರಿಗೆ ಕೂತಳು. ಸಮತ್ ಕೆಚೂ ಊರಿಗೂ ಪೇಟೆಗೂ ನಡುವೆ ಗಾಡಿ ಓಡಿಸುವವನು. ಯಾರ ಜೊತೆಗೂ ಜಗಳವಿಲ್ಲದ ಮನುಷ್ಯ. ಎಲ್ಲರೂ ಅವನ ಗಾಡಿಯಲ್ಲಿ ಕೂರಬೇಕಲ್ಲ.

"ಆ ಗಟ್ಟಿ ನಿಲ್ಸೋ ಸಭೆಗೆ ನೀವೂ ಹೋಗಿದ್ರಂತೆ."

"ಹೂಂ."

"ಬರೆದಿದ್ದನ್ನ ಓದಿದ್ರಾ?"

ಸಮತ್ ರೊಟ್ಟಿ ಮುರಿದ. "ಕದಿರ್ ಓದ್ದ."

"ನೀವೇನಂದ್ರಿ?"

"ಏನನ್ಲಿ? ಬೆಯ್ಶೆನಣ್ಣ ಕಣ್ಣಾರೆ ಕಂಡಿದೀನಿ ಅಂದ್ರು. ಕಣಜ ಹತ್ತಿ ಉರಿದದ್ದು, ಗೋಧಿ ಸುಟ್ಟ ವಾಸನೆ ಎಲ್ಲಾ ನೆನಪಿದೆ ಅಂದ್ರು. ಹಿರಿಯರು. ಎದುರು ಮಾತಾಡೋಕಾಗತ್ತಾ?"

"ಬೆಯ್ಶೆನ್ ಮಾವನಿಗೆ ವಯಸ್ಸೆಷ್ಟು?"

"ಅರವತ್ತೈದು ಇರ್ಬೇಕು."

"ಅರವತ್ತೈದರ ಹುಟ್ಟುಹಬ್ಬದ ಪ್ಲೋವ್ ಅನ್ನ ತಿಂದು ಬಂದ್ರಲ್ಲ ಮೊನ್ನೆ. ಎರಡು ಸಲ ಹಾಕಿಸಿಕೊಂಡ್ರಿ. ಕಣಜ ಉರಿದದ್ದು ತೊಂಬತ್ತು ವರ್ಷದ ಹಿಂದೆ ಅಂತ ನೀವೇ ಗಟ್ಟಿಯಲ್ಲಿ ಬರೆಸ್ತಾ ಇದೀರಿ. ಅವರು ಎಲ್ಲಿ ನಿಂತು ನೋಡಿದ್ರು?"

ಸಮತ್ ಬಾಯಲ್ಲಿದ್ದ ತುತ್ತನ್ನು ನುಂಗಲು ಹೊತ್ತು ತೆಗೆದುಕೊಂಡ. "ಊರ ಜೊತೆ ಬಾಳಬೇಕು ಬುರುಲ್. ಸತ್ತೋರಿಗೆ ಏನಾಗ್ಬೇಕಿದೆ ಈಗ?"

"ಸತ್ತೋರಿಗೆ ಏನೂ ಬೇಡ. ಒಳಗೆ ಮುಖ ಮುಚ್ಕೊಂಡು ಮಲಗಿದಾಳಲ್ಲ, ಅವಳಿಗೆ ಬೇಕು. ಇವತ್ತು ಆರು ತಂದೆಯರ ಹೆಸರು ಹೇಳಿ ಬಂದಿದಾಳೆ. ನಿಮ್ಮ ಅಜ್ಜನ್ನ ಹೊಡೆದುಹಾಕಿ ಬಂದಿದಾಳೆ. ನಾಳೆ ಅವಳ ಮಕ್ಕಳು ಐದು ಹೇಳ್ತಾರೆ."

ಸಮತ್ ತಟ್ಟೆಯಿಂದ ಕಣ್ಣು ತೆಗೆಯಲಿಲ್ಲ. ಬುರುಲ್ ಎದ್ದು ಪಾತ್ರೆಗಳನ್ನು ಎತ್ತಿದಳು. ಅವನು ಇನ್ನೂ ತಿನ್ನುತ್ತಿದ್ದ ತಟ್ಟೆಯನ್ನೂ ಎತ್ತಿದಳು. ಇಪ್ಪತ್ತು ವರ್ಷದಲ್ಲಿ ಹಾಗೆ ಮಾಡಿದ್ದು ಮೊದಲು.

*

ಶನಿವಾರ ಮಧ್ಯಾಹ್ನ ಬಟ್ಟೆ ಒಗೆದು ಹರವಿದ ಮೇಲೆ ಅವಳು ಮಗಳಿಗೆ ಹೇಳಿದಳು. "ಆ ಸಿನಿಮಾ ಹಾಕು."

"ನಂಗೆ ಬೇಡ."

"ನನಗೆ ಬೇಕು. ಅಜ್ಜೀನೂ ನೋಡ್ಲಿ."

ಮೂವರೂ ಕಂಬಳಿಯ ಮೇಲೆ ಕೂತರು. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿದ್ದರು. ಕಪ್ಪು ಬಿಳುಪು ಚಿತ್ರ, ಗೀರು ಬಿದ್ದದ್ದು. ಕೊಬ್ಬಿದ ಕೆನ್ನೆಯವನು ಚಾವಟಿ ಬೀಸುತ್ತಾ ಬಂದ. ಬಡವರು ಬಾಗಿದರು. ಬುರುಲ್ ಅದನ್ನು ಚಿಕ್ಕಂದಿನಲ್ಲಿ ತವರೂರಿನಲ್ಲಿ ಎಷ್ಟೋ ಸಲ ನೋಡಿದ್ದಳು. ಸುಗ್ಗಿಯ ದಿನ ತಪ್ಪದೆ ತೋರಿಸುತ್ತಿದ್ದರು. ಅವಳೂ ಆ ಮೀಸೆಯವನನ್ನು ಬೈದಿದ್ದಳು. ಮದುವೆಯಾಗಿ ಬಂದು ಒಂದು ತಿಂಗಳಾದ ಮೇಲೆ, ಯಾವ ಮನೆಗೆ ಬಂದಿದ್ದೇನೆ ಎಂದು ಗೊತ್ತಾಗಿತ್ತು. ಆಗಲೂ ಅವಳು ಕೇಳಿರಲಿಲ್ಲ. ಸಿನಿಮಾದಲ್ಲಿ ಇದ್ದದ್ದು ನಿಜವೇ ಇರಬೇಕು, ಅದರ ಮೇಲೆ ಮಾತಾಡಿ ಈ ಮನೆಯವರನ್ನು ನೋಯಿಸುವುದೇಕೆ ಎಂದು ಸುಮ್ಮನಿದ್ದಳು. ಅದನ್ನು ನೆನೆದರೆ ಈಗ ತನ್ನ ಮೇಲೂ ಸಿಟ್ಟು ಬಂತು.

ಬೆಂಕಿ ಹತ್ತಿತು. ಹೊಳೆಯ ಬಯಲಿನಲ್ಲಿ ಹಲಗೆಯ ಕಣಜ ಧಗಧಗ ಉರಿಯಿತು. ಹೆಂಗಸರು ಕೊಡ ಹಿಡಿದು ಓಡಿದರು. ಮುಂದಿನವಳು ಉದ್ದ ಜಡೆಯ, ತೆಳ್ಳನೆಯ ಹುಡುಗಿ.

"ನಾನು," ಎಂದಳು ಜೂರಕಾನ್. ತೋರುಬೆರಳು ಪರದೆಗೆ ತಾಗಿ ಚಿತ್ರ ನಿಂತುಬಿಟ್ಟಿತು. "ಇದು ನಾನೇ. ಹಲಗೆ ಹೊಸದು, ಹಸಿ ಇತ್ತು, ಹೊತ್ತಿಕೊಳ್ಳಲೇ ಇಲ್ಲ. ಮೂರು ಡಬ್ಬ ಸೀಮೆಎಣ್ಣೆ ಸುರಿದ್ರು. ಒಳಗೆ ಗೋಧಿ ಎಲ್ಲಿತ್ತು, ಹೊಟ್ಟು ತುಂಬಿದ್ರು."

"ಅಜ್ಜಿ, ಎಷ್ಟು ಚೆನ್ನಾಗಿದೀರಿ," ಎಂದಳು ಜಿಬೆಕ್.

"ನೋಡು, ಹೆಂಗೆ ಅಳ್ತಾ ಇದೀನಿ," ಎಂದಳು ಮುದುಕಿ. "ನಮ್ಮ ಮಾವಯ್ಯನ ಮೇಲೆ ಸುಳ್ಳು ಹೇಳೋಕೆ ಅಷ್ಟು ಚೆನ್ನಾಗಿ ಅತ್ತಿದೀನಿ."

ಜಿಬೆಕ್ ಚಿತ್ರವನ್ನು ಮುಂದಕ್ಕೆ ಬಿಟ್ಟಳು. ಬೆಂಕಿ ಆರಿತು. ಕಥಾನಾಯಕಿ ಎದೆ ಬಡಿದುಕೊಳ್ಳುತ್ತಾ ಬಂದು ಒಂದು ಗೋಡೆಗೆ ಒರಗಿ ಅತ್ತಳು. ಎಲ್ಲರಿಗೂ ಬಾಯಿಪಾಠವಾಗಿದ್ದ ದೃಶ್ಯ. ಊರ ಹೆಂಗಸರು ಅಲ್ಲಿ ತಲೆವಸ್ತ್ರದಲ್ಲಿ ಮೂಗೊರೆಸುತ್ತಿದ್ದರು. ಬುರುಲ್ ಈ ಸಲ ನಾಯಕಿಯನ್ನು ನೋಡಲಿಲ್ಲ, ಗೋಡೆಯನ್ನು ನೋಡಿದಳು.

"ನಿಲ್ಸು."

ಹೊಳೆಯ ಉರುಟು ಕಲ್ಲಿನ ಗೋಡೆ. ಕಬ್ಬಿಣದ ಪಟ್ಟಿ ಹೊಡೆದ ಬಾಗಿಲು. ಬಾಗಿಲ ಮೇಲಿನ ಚಪ್ಪಡಿಯಲ್ಲಿ ಏನೋ ಕೆತ್ತಿತ್ತು.

"ದೊಡ್ಡದು ಮಾಡು."

ಜಿಬೆಕ್ ಎರಡು ಬೆರಳಲ್ಲಿ ಎಳೆದಳು. ಈಗಿನ ಅಕ್ಷರಗಳಲ್ಲ, ಆಗ ಕೆಲವೇ ವರ್ಷ ಊರಲ್ಲಿ ಬಳಕೆಯಲ್ಲಿದ್ದ ಲ್ಯಾಟಿನ್ ಲಿಪಿ. ಇಂಗ್ಲಿಷ್ ಪಾಠದಿಂದ ಅಕ್ಷರ ಬಲ್ಲ ಹುಡುಗಿ ಒಂದೊಂದೇ ಕೂಡಿಸಿ ಓದಿದಳು. "ಕ. ಕಂ. ಕಂಪಾ. ಅಂದ್ರೆ ಕಣಜ. ಆಮೇಲೆ ಒಂದು, ಒಂಬತ್ತು, ಎರಡು, ಒಂಬತ್ತು."

ಉರಿದ ಕಣಜಕ್ಕಾಗಿ ಅಳುವವಳು ಉರಿಯದ ಕಣಜಕ್ಕೇ ಒರಗಿ ಅಳುತ್ತಿದ್ದಳು. ಅರವತ್ತು ವರ್ಷ ಇಡೀ ಊರು ಅದನ್ನು ನೋಡಿತ್ತು, ಅವಳ ಕಣ್ಣೀರನ್ನಷ್ಟೇ ನೋಡಿತ್ತು.

"ಇದು ಎಲ್ಲಿ ಹೋಯ್ತವ್ವಾ?"

"ಆಮೇಲೆ ದನಗಳ ಉಪ್ಪು ತುಂಬಿಡ್ತಿದ್ರು. ಉಪ್ಪಿನಮನೆ ಅಂತ ಕರೀತಿದ್ರು. ಊರ ಸಭೆ ನಡೆಯೋ ಕ್ಲಬ್ಬು ಕಟ್ಟುವಾಗ ಕೆಡವಿ, ಗಟ್ಟಿಯೆಲ್ಲ ಅಡಿಪಾಯಕ್ಕೆ ಹಾಕಿದ್ರು."

ಬುರುಲ್ ಎದ್ದು ಹೊರಗೆ ಹೋದಳು. ಒಣಗಿರದ ಬಟ್ಟೆಗಳನ್ನು ತಂತಿಯಿಂದ ಎಳೆದೆಳೆದು ತೆಗೆದಳು, ಮತ್ತೆ ಅವನ್ನೇ ಹರವಿದಳು.

*

ಭಾನುವಾರ ಕ್ಲಬ್ಬಿನಲ್ಲಿ ಕೊನೆಯ ಸಭೆ. ಪೇಟೆಯಿಂದ ಕಲ್ಲು ಕೆತ್ತುವ ಜೋಲ್ದೋಷ್ ಬಂದಿದ್ದ. ನುಣುಪಾದ ಕರಿ ಚಪ್ಪಡಿ ಅವನ ಲಾರಿಯಲ್ಲೇ ಮಲಗಿತ್ತು. ಬರಹ ಕೈಗೆ ಸಿಕ್ಕರೆ ಮಾರನೇ ದಿನ ಉಳಿ ಇಡುವುದು. ಹಿರಿಯರು ಮೇಜಿನ ಸುತ್ತ ಕಲ್ಪಾಕ್ ತೊಟ್ಟು ಕೂತಿದ್ದರು. ಸಮತ್ ಕೊನೆಯ ಕುರ್ಚಿಯಲ್ಲಿ. ಚಹಾ ಸುರಿಯುವುದು ಸೊಸೆಯರ ಕೆಲಸ. ಬುರುಲ್ ತಾನೇ ಬರುತ್ತೇನೆಂದು ಹೇಳಿ ಬಂದಿದ್ದಳು, ಅತ್ತೆಯನ್ನೂ ಕೈ ಹಿಡಿದು ಕರೆತಂದು ಒಲೆಯ ಪಕ್ಕ ಕೂರಿಸಿದ್ದಳು.

ಒಂದು ಸುತ್ತು ಚಹಾ ಆಯಿತು. ಕದಿರ್ ಮಾಸ್ತರ್ ಕನ್ನಡಕ ಏರಿಸಿ ಬರಹವನ್ನು ಮತ್ತೊಮ್ಮೆ ಓದಿದ. ಹಿರಿಯರು ಗಡ್ಡ ನೀವಿಕೊಂಡು ಆಮೀನ್ ಎಂದರು. ಬುರುಲ್ ಚಹಾದ ಪಾತ್ರೆ ಕೆಳಗಿಟ್ಟು ಫೋನನ್ನು ಬೆಯ್ಶೆನ್ ಮುಂದೆ ಇಟ್ಟಳು. ಬೆಯ್ಶೆನ್ ಹನ್ನೆರಡು ವರ್ಷ ಇದೇ ಕ್ಲಬ್ಬಿನಲ್ಲಿ ಸಿನಿಮಾ ಯಂತ್ರ ನಡೆಸಿದವನು.

"ಮಾವ, ಇದು ಯಾವ ಕಟ್ಟಡ ಹೇಳ್ತೀರಾ?"

ಬೆಯ್ಶೆನ್ ಫೋನನ್ನು ದೂರ ಹಿಡಿದು ನೋಡಿದ. "ಇದನ್ನ ಮರೀತೀನಾ? ಬೆಂಕಿ ಆದ್ಮೇಲೆ ಅವಳು ಅಳೋ ಜಾಗ. ಇಲ್ಲಿಗೆ ಬರುವಾಗ ರೀಲು ಬದಲಾಯಿಸ್ಬೇಕಿತ್ತು."

"ಅವಳನ್ನ ಬಿಡಿ ಮಾವ. ಗೋಡೆ."

"ಗೋಡೆ ಉಪ್ಪಿನಮನೆದು. ಹುಡುಗ್ರಾಗಿದ್ದಾಗ ಉಪ್ಪು ನೆಕ್ಕೋಕೆ ಹೋಗ್ತಿದ್ವಿ."

"ಉಪ್ಪಿಗೆ ಮುಂಚೆ ಏನಿತ್ತು?" ಎಂದಳು ಜೂರಕಾನ್ ಒಲೆಯ ಬಳಿಯಿಂದ.

ಬುರುಲ್ ಫೋನನ್ನು ಕದಿರ್ ಮಾಸ್ತರ ಕಡೆ ತಿರುಗಿಸಿದಳು. "ಬಾಗಿಲ ಮೇಲೆ ಬರೆದಿದೆ. ಓದಿ ಮಾಸ್ತರೇ. ನೀವು ಚರಿತ್ರೆ ಕಲಿಸೋರು."

ಮಾಸ್ತರ್ ಓದಿದ. ಮನಸ್ಸಿನಲ್ಲೇ ಓದಿದ, ತುಟಿ ಮಾತ್ರ ಅಲುಗಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. "ಕಣಜ ಅಂತಿದೆ. ಇರಬಹುದು. ಎರಡು ಕಣಜ ಇದ್ದಿರಬಹುದಲ್ಲ."

"ಎರಡನೇದನ್ನ ಸಿನಿಮಾದವರು ಕಟ್ಟಿದ್ದು. ಹೊಳೆ ಬಯಲಲ್ಲಿ, ಹಲಗೇಲಿ. ನಮ್ಮತ್ತೆ ಅದಕ್ಕೆ ನೀರು ಹೊತ್ತಿದಾರೆ."

"ನೋಡಮ್ಮ ಸೊಸೆ," ಎಂದ ಮಾಸ್ತರ್, ಮಕ್ಕಳಿಗೆ ಹೇಳುವ ದನಿಯಲ್ಲಿ, "ಸಿನಿಮಾ ಮಾಡೋರು ಸುಮ್ನೆ ಮಾಡಲ್ಲ. ಓದಿ, ವಿಚಾರಿಸಿ ಮಾಡ್ತಾರೆ. ಒಂದು ಹೆಸರು ಹಾಕ್ಬೇಕಾದ್ರೆ ಕಾಗದಪತ್ರ ನೋಡಿರ್ತಾರೆ."

"ನೀವು ಯಾವ ಕಾಗದ ನೋಡಿದ್ರಿ?"

"ನಾನು ಸಿನಿಮಾ..." ಮಾಸ್ತರ್ ನಿಲ್ಲಿಸಿದ.

"ನೀವು ಸಿನಿಮಾ ನೋಡಿದ್ರಿ. ಅದನ್ನ ಗಟ್ಟಿಗೆ ಬರೀತಾ ಇದೀರಿ. ನಾಳೆ ಯಾರಾದ್ರೂ ಹೊಸ ಸಿನಿಮಾ ಮಾಡೋರು ಬಂದು ನಿಮ್ಮ ಗಟ್ಟಿ ನೋಡ್ತಾರೆ. ಇದಕ್ಕೆ ಅದು ಸಾಕ್ಷಿ, ಅದಕ್ಕೆ ಇದು ಸಾಕ್ಷಿ."

ಮೇಜಿನ ಒಂದು ಬದಿಯಿಂದ ಯಾರೋ ಕೆಮ್ಮಿದರು. ಬೆಯ್ಶೆನ್‌ನ ಮುಖ ಕೆಂಪಾಗಿತ್ತು. "ಸಿನಿಮಾ ಬಿಡು. ನಾನು ನೋಡಿದೀನಿ. ಈ ಕಣ್ಣಿಂದ. ಕಣಜ ಉರೀತಿತ್ತು, ನಮ್ಮಮ್ಮ ನನ್ನ ಕೈ ಹಿಡಿದುಕೊಂಡಿದ್ಳು, ಹೊಗೆ ಮೂಗಿಗೆ ಬಂದು ನಾನು ಅತ್ತೆ. ಸುಳ್ಳು ಹೇಳ್ತೀನಾ ನಾನು?"

"ಇಲ್ಲ ಮಾವ. ನೋಡಿದೀರಿ. ಆಗ ನಿಮಗೆ ಎಷ್ಟು ವರ್ಷ?"

"ಏಳು."

"ಹುಟ್ಟಿದ್ದು?"

"ಐವತ್ತೆಂಟು," ಎಂದ ಬೆಯ್ಶೆನ್. ಎಂದವನು ಬಾಯಿ ಹಾಗೇ ತೆರೆದು ಕೂತ.

ಎಲ್ಲರೂ ಬೆರಳಲ್ಲಿ ಎಣಿಸಿದರು. ಕಲ್ಲು ಕೆತ್ತುವವನು ಎಲ್ಲರಿಗಿಂತ ಮೊದಲು ಎಣಿಸಿ ನಕ್ಕುಬಿಟ್ಟ. ಅವನ ಹಿಂದೆ ಇನ್ನಿಬ್ಬರು ನಕ್ಕರು. ಬುರುಲ್ ನಗಲಿಲ್ಲ.

ಮಾನ ಹೋದ ಸಿಟ್ಟಿಗೆ ಬೆಯ್ಶೆನ್ ಮೇಜು ಕುಟ್ಟಿದ. "ಆಯ್ತಮ್ಮ, ನೀನೇ ಹೇಳು. ಕಣಜ ಉರೀಲಿಲ್ಲ ಅಂತೀಯಲ್ಲ, ಯಾಕೆ ಉರೀಲಿಲ್ಲ? ಯಾವುದ್ರಲ್ಲಿ ಕಟ್ಟಿದ್ರು? ಹೇಳು ನೋಡೋಣ."

"ಗಟ್ಟಿಯಲ್ಲಿ."

"ಗಟ್ಟಿ ಅಂದ್ರೆ? ಮರಾನೂ ಗಟ್ಟೀನೇ. ನನ್ನ ತಲೇನೂ ಗಟ್ಟೀನೇ ಅಂತ ನಮ್ಮ ಮನೆಯವಳು ಅಂತಾಳೆ." ಈಗ ಅವನ ಕಡೆಯವರು ನಕ್ಕರು. ಅವರಿಗೆಲ್ಲ ಗೊತ್ತಿತ್ತು, ಈ ಮನೆಯ ಹೆಂಗಸರಿಗೆ ಯಾವ ಮಾತು ನಿಷಿದ್ಧವೆಂದು. "ಸರಿಯಾಗಿ ಹೇಳು. ಗಟ್ಟಿ ಅಂದ್ರೆ ಏನು? ಕಣಜದ ಬೀಗ ಯಾರ ಕೈಲಿತ್ತು? ಹೆಸರಿಟ್ಟು ಹೇಳು. ಸಭೇಲಿ ಹೆಸರಿಲ್ಲದ ಮಾತು ಮಾತಲ್ಲ."

ಬುರುಲ್ ಗಂಡನ ಕಡೆ ನೋಡಿದಳು. ಸಮತ್ ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತಿದ್ದ. ಅವನು ಹೇಳಬಹುದಿತ್ತು. ಅವನಿಗೆ ಆ ಹೆಸರು ನಿಷಿದ್ಧವಲ್ಲ. ಅವಳು ಒಂದು, ಎರಡು, ಮೂರು ಉಸಿರಿನಷ್ಟು ಹೊತ್ತು ಕಾದಳು. ಈ ಊರಲ್ಲಿ ಮೀಸೆಯ ನಟನಿಗೆ ಆ ಹೆಸರು ಕೊಟ್ಟಿದ್ದಾರೆ. ಹಿಂದಿನ ಬೆಂಚಿನ ಹುಡುಗರ ಬಾಯಿಗೆ ಕೊಟ್ಟಿದ್ದಾರೆ. ಕಲ್ಲಿಗೂ ಕೊಡಲಿದ್ದಾರೆ. ಗೊತ್ತಿರುವ ಮೂರು ಹೆಂಗಸರ ಬಾಯಿಗೆ ಮಾತ್ರ ಬೀಗ.

"ಕಲ್ಲು," ಎಂದಳು.

ನಗು ನಿಂತಿತು.

"ತಾಷ್. ಕಲ್ಲಿನ ಕಣಜ. ಬೀಗ ಇದ್ದದ್ದು ತಾಷ್ತಾನ್ ಕೈಲಿ. ನನ್ನ ಗಂಡನ ಅಜ್ಜ ತಾಷ್ತಾನ್. ಸಾಹುಕಾರನಲ್ಲ, ನಾಲ್ಕು ಕುರಿ ಇತ್ತು. ಗೋಧಿಯನ್ನ ಬಂಡೀಲಿ ಹೇರಿಕೊಂಡು ಹೋದ್ರು, ಉಳಿದಿದ್ದನ್ನ ತಾಷ್ತಾನ್ ಟೋಪೀಲಿ ಅಳೆದು ನಿಮ್ಮ ಅಜ್ಜಂದಿರಿಗೆ ಕೊಟ್ಟ. ಅದಕ್ಕೇ ಅವನನ್ನ ಕರಕೊಂಡು ಹೋದ್ರು. ಆ ಕಣಜದ ಕಲ್ಲು ಎಲ್ಲಿದೆ ಅಂತ ಕೇಳ್ತೀರಾ? ನೀವು ಅದರ ಮೇಲೆ ಕೂತಿದೀರಿ. ಈ ಕ್ಲಬ್ಬಿನ ಕೆಳಗಿದೆ. ಅಗೆದು ನೋಡಿ, ಒಂದಕ್ಕಾದ್ರೂ ಹೊಗೆ ಹಿಡಿದಿದ್ರೆ ನನ್ನ ನಾಲಿಗೆ ಕತ್ತರಿಸಿ."

ಅವಳು ಹೇಳಿದ ಬೇರೆಲ್ಲ ಮಾತಿಗಿಂತ ಆ ಒಂದು ಹೆಸರು ಮೇಜಿನ ಸುತ್ತ ಕೂತವರಿಗೆ ಬಡಿದಿತ್ತು. ಎಲ್ಲರಿಗಿಂತ ಹಿರಿಯನೊಬ್ಬ ಒಲೆಯ ಕಡೆ ತಿರುಗಿ ನೊಂದ ದನಿಯಲ್ಲಿ ಹೇಳಿದ. "ಜೂರಕಾನ್, ನಿನ್ನ ಸೊಸೆ ಹಿರಿಯರ ಹೆಸರು ಹಿಡಿದ್ಳು. ನೀನು ಕೂತು ಕೇಳ್ತಾ ಇದೀಯಾ? ಏನಾದ್ರೂ ಹೇಳು."

ಜೂರಕಾನ್ ಕಿವಿಯ ಹಿಂದೆ ಕೈ ಇಟ್ಟಳು. "ಏನಂದ್ಳು?"

"ಹೆಸರು ಹೇಳಿದ್ಳು. ನಿನ್ನ ಮಾವನ ಹೆಸರು."

"ನಂಗೆ ಕೇಳಿಸ್ಲಿಲ್ಲ," ಎಂದಳು ಮುದುಕಿ. "ಬುರುಲ್, ಇನ್ನೊಂದ್ಸಲ ಹೇಳಮ್ಮ. ಜೋರಾಗಿ ಹೇಳು."

ಬುರುಲ್ ಹೇಳಿದಳು. 'ತಾಷ್ತಾನ್' ಎಂಬುದು ಕ್ಲಬ್ಬಿನ ಮೂಲೆಮೂಲೆಗೆ ಕೇಳಿತು.

"ಈಗ ಕೇಳಿಸ್ತು," ಎಂದು ಜೂರಕಾನ್ ಕೈ ಇಳಿಸಿದಳು.

ಬೆಯ್ಶೆನ್ ಫೋನಿನ ಚಿತ್ರವನ್ನೇ ನೋಡುತ್ತಿದ್ದ. "ಹಾಗಾದ್ರೆ ನಾನು ನೋಡಿದ್ದು ಏನು, ಸೊಸೆ?" ಎಂದ. ಅವನ ದನಿಯಲ್ಲಿ ಏಳು ವರ್ಷದ ಹುಡುಗನಿದ್ದ.

ಬೇರೆ ದಿನವಾಗಿದ್ದರೆ ಅವಳಿಗೆ ಅಯ್ಯೋ ಎನಿಸುತ್ತಿತ್ತು. "ಸಿನಿಮಾ, ಮಾವ," ಎಂದಳು. "ಅಷ್ಟೇ."

ಕದಿರ್ ಮಾಸ್ತರ್ ಪೆನ್ನು ತೆಗೆದು ಮೊದಲ ಸಾಲಿನ ಮೇಲೆ ಗೆರೆ ಎಳೆದ. "ಬೆಂಕಿ ವಿಷಯ ತೆಗೆದುಬಿಡೋಣ. ಹೆಸರೂ ಬೇಡ. ಹಸಿವಿನಿಂದ ತೀರಿಕೊಂಡವರ ನೆನಪಿಗೆ, ಅಂತಷ್ಟೇ ಇರ್ಲಿ. ಎಲ್ಲರಿಗೂ ಸಮಾಧಾನ."

"ನನಗಿಲ್ಲ," ಎಂದಳು ಬುರುಲ್. "ಅರವತ್ತು ವರ್ಷ ಆ ಹೆಸರನ್ನ ಕೂಗಿ ಕೂಗಿ ಬೈದಿದೀರಿ. ಸುಳ್ಳು ಅಂತ ಗೊತ್ತಾದ ದಿನ ಹೆಸರು ಬೇಡವಾಯ್ತಾ? ಎಂಬತ್ತೇಳು ಹೆಸರಿನ ಜೊತೆ ಬರೀರಿ. ಊರಿಗೆ ಗೋಧಿ ಕೊಟ್ಟು ಹೋದವನು ಅಂತ ಬರೀರಿ."

ಮಾಸ್ತರ್ ಹಿರಿಯರನ್ನು ನೋಡಿದ. ಹಿರಿಯರು ಚಹಾದ ಬಟ್ಟಲು ನೋಡಿದರು. ಕುರ್ಚಿ ಸರಿದ ಸದ್ದಾಯಿತು. ಸಮತ್ ಎದ್ದು ನಿಂತಿದ್ದ.

"ಎಂಬತ್ತೆಂಟು," ಎಂದ. ಗಂಟಲು ಸರಿ ಮಾಡಿಕೊಂಡ. "ಅಜ್ಜನ ಹೆಸರಿಲ್ಲದ ಕಲ್ಲು ಈ ಊರಲ್ಲಿ ನಿಲ್ಲೋದಿಲ್ಲ. ನಿಲ್ಸಿದ್ರೆ ನಾನೇ ಕಿತ್ತು ಹಾಕ್ತೀನಿ."

ಬುರುಲ್ ಅವನ ಕಡೆ ತಿರುಗಲಿಲ್ಲ. ಎರಡು ದಿನ ತಡವಾಗಿ ಬಂದ ಮಾತು. ಅದನ್ನು ಮನೆಯಲ್ಲಿ ನೋಡಿಕೊಂಡರಾಯಿತು.

ಹಿರಿಯರಲ್ಲಿ ಒಬ್ಬೊಬ್ಬರೇ ತಲೆಯಾಡಿಸಿದರು. ಕೆಲವರು ಮನಸ್ಸಿಲ್ಲದೆ, ಕೆಲವರು ಬೇಗ ಮುಗಿಯಲಿ ಎಂದು. ಬೆಯ್ಶೆನ್ ಕೊನೆಗೆ ಆಡಿಸಿದ. ಅವನ ಬಟ್ಟಲು ಬರಿದಾಗಿತ್ತು. ಅಭ್ಯಾಸದಂತೆ ಅದನ್ನು ಬುರುಲ್ ಕಡೆ ಚಾಚಿದ, ಆಮೇಲೆ ತಾನೇ ಹಿಂದಕ್ಕೆ ತೆಗೆದುಕೊಂಡ.

ಕಲ್ಲು ಕೆತ್ತುವ ಜೋಲ್ದೋಷ್ ಕಿವಿಯ ಮೇಲಿನ ಪೆನ್ಸಿಲ್ ತೆಗೆದ. ಅವನಿಗೆ ಪೇಟೆಗೆ ಮರಳಬೇಕಿತ್ತು. "ಹೆಸರು ತಪ್ಪಾದ್ರೆ ಕಲ್ಲಲ್ಲಿ ಅಳಿಸೋಕಾಗಲ್ಲ. ಅಕ್ಷರ ಬಿಡಿಸಿ ಹೇಳಿ. ಯಾರು ಹೇಳ್ತೀರಾ?"

ಮಾಸ್ತರ್ ಬಾಯಿ ತೆರೆದ. ಎಲ್ಲರೂ ಬುರುಲ್ ಕಡೆ ನೋಡುತ್ತಿರುವುದನ್ನು ಕಂಡು ಮುಚ್ಚಿದ.

ಅವಳು ಜೋಲ್ದೋಷ್‌ನ ಪಕ್ಕಕ್ಕೆ ಹೋಗಿ ನಿಂತು ಕಾಗದದ ಮೇಲೆ ಬೆರಳಿಟ್ಟಳು.

"ತ," ಎಂದಳು. "ಆ. ಷ."

ಅಲ್ಲಿಗೆ ಹೆಸರಿನೊಳಗಿನ ಕಲ್ಲು ಮುಗಿಯಿತು. ಅವನು ಬರೆಯುವವರೆಗೆ ಕಾದು, ಉಳಿದ ಮೂರು ಅಕ್ಷರಗಳನ್ನೂ ಹೇಳಿದಳು.